ಭಾವನ ಲೆನ್ಸು, ಹತ್ತು ಕಿಲೋ ಕುಚ್ಚಲಕ್ಕಿ

ನನ್ನ ಹಳೆಯ ಕ್ಯಾಮೆರಾ ಚೀಲದ ಹೊರಮೈ ಮಂಗಳೂರಿನ ಅತ್ತಾವರದ ನಮ್ಮ ಮನೆಯ ಅಟ್ಟದಲ್ಲಿದೆ. ಒಳಗಿನದ್ದು ಇನ್ನೂ ನನ್ನ ಜೊತೆ ಬೆಟ್ಟ ಹತ್ತುತ್ತದೆ. ಮಳೆಗಾಲ ಕಳೆದು ಘಟ್ಟದ ದಾರಿಗಳು ತೆರೆಯುವ ಹೊತ್ತಿಗೆ ಪ್ರತಿ ವರ್ಷ ನಮ್ಮ ಓಣಿಯ ಒಬ್ಬಿಬ್ಬರು ಹುಡುಗರು ಬಂದು, "ಕ್ಯಾಮೆರಾಕ್ಕೆ ಒಳ್ಳೆಯ ಬ್ಯಾಗ್ ಯಾವುದುಂಟು?" ಎಂದು ಕೇಳುತ್ತಾರೆ. ನಾನು ಏಣಿ ಇಟ್ಟು ಅದನ್ನು ಕೆಳಗಿಳಿಸುತ್ತೇನೆ. ಸಂಜೆಯಾದರೆ ಹಿತ್ತಿಲಿನ ಬಚ್ಚಲ ಒಲೆಗೆ ಅಮ್ಮ ತೆಂಗಿನ ಮಡಲು ಹಾಕಿ ಬೆಂಕಿ ಮಾಡಿರುತ್ತಾರೆ. ಹಂಡೆ ಕಾಯುವವರೆಗೆ ಅಲ್ಲೇ ಕುಳಿತು ಈ ಕಥೆ ಹೇಳುತ್ತೇನೆ. ಚೀಲದ ಎಡಬದಿಯಲ್ಲಿ ಬಾಯಿ ಬಿಟ್ಟ ಜಿಪ್ಪು, ಬೆನ್ನಿಗೆ ತಾಗುವ ಕಡೆ ಕೆಮ್ಮಣ್ಣಿನ ಕಲೆ. ಎಷ್ಟು ಸಲ ತೊಳೆದರೂ ಆ ಕಲೆ ಹೋಗಿಲ್ಲ.

2015ರ ಅಕ್ಟೋಬರಿನಲ್ಲಿ ಭಾವ ದುಬೈಯಿಂದ ರಜೆಗೆ ಬಂದಿದ್ದರು. ಬರುವಾಗ ನಿಕಾನ್‌ನ 200-500 ಎಂ.ಎಂ. ಲೆನ್ಸು ತಂದರು. ಅದು ಮಾರುಕಟ್ಟೆಗೆ ಬಂದದ್ದೇ ಆ ವರ್ಷ. ಸೂಟ್‌ಕೇಸಿನ ನಡುವೆ ನಾಲ್ಕು ಟವೆಲ್ ಸುತ್ತಿ, ಎಳೆ ಮಗುವಿನ ಹಾಗೆ ಮಲಗಿಸಿ ತಂದಿದ್ದರು. ಹದಿನೈದು ದಿನ ಅದನ್ನು ಹಿಡಿದು ಪಿಲಿಕುಳ, ಸೋಮೇಶ್ವರದ ಕಡಲತೀರ ಎಲ್ಲ ಸುತ್ತಿದರು. ಹೊರಡುವ ದಿನ ನನ್ನ ಕೈಗೆ ಕೊಟ್ಟು, "ಅಲ್ಲಿ ನನಗೆ ಕಾಡು ಎಲ್ಲಿಂದ ಬರಬೇಕು? ಮುಂದಿನ ಆಗಸ್ಟಿನಲ್ಲಿ ಬರ್ತೇನೆ. ಅಲ್ಲಿವರೆಗೆ ನೀನು ತೆಗಿ, ಒಳ್ಳೇದು ಸಿಕ್ಕಿದ್ರೆ ನನಗೆ ಕಳಿಸು" ಎಂದರು. ನನ್ನ ಹತ್ತಿರ ನಿಕಾನ್ ಡಿ7200 ಇತ್ತು. ನಮ್ಮ ವಯಸ್ಸಿನ ಹಲವರ ಹಾಗೆ ನಾನೂ ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ನೋಡಿಯೇ ಕ್ಯಾಮೆರಾದ ಹಿಂದೆ ಬಿದ್ದವನು. ಅಂಥ ಲೆನ್ಸು ಕೈಗೆ ಬಂದ ಮೇಲೆ ಮನೆಯಲ್ಲಿ ಕೂರುವುದು ಹೇಗೆ? ಕುಮಾರಪರ್ವತಕ್ಕೆ ಹೋಗುವುದೆಂದು ಮೂವರು ಗೆಳೆಯರು ಸೇರಿ ತೀರ್ಮಾನಿಸಿದೆವು.

ಲೆನ್ಸಿಗೆ ತಕ್ಕ ಚೀಲ ಬೇಕಲ್ಲ. ಪೇಟೆಗೆ ಹೋದೆ. ಅಂಗಡಿಯ ಮೇಜಿನ ಮೇಲೆ ಕ್ಯಾಮೆರಾ, ಲೆನ್ಸು ಎಲ್ಲ ಇಟ್ಟು, ಇವೆಲ್ಲ ಹಿಡಿಸುವಂಥದ್ದು ಕೊಡಿ ಎಂದೆ. ಅವರು ಕೊಟ್ಟದ್ದು ಹಿಡಿಸಿತು. ಒಳಗೆಲ್ಲ ಮೆತ್ತನೆಯ ಬೂದು ಫೋಮು, ಬೇಕಾದ ಹಾಗೆ ಅಂಟಿಸಿ ಕಿತ್ತು ಮಾಡಬಹುದಾದ ಗೋಡೆಗಳು, ಒಂದೊಂದು ಲೆನ್ಸಿಗೂ ಅದರದ್ದೇ ಗೂಡು. ಆ ಗೂಡುಗಳನ್ನು ನೋಡಿ ನಾನು ಮರುಳಾದೆ. ಚೀಲವನ್ನು ಬೆನ್ನಿಗೆ ಹಾಕಿ ನೋಡಿದ್ದು ಖಾಲಿ ಇದ್ದಾಗ, ಅದೂ ಅಂಗಡಿಯ ಕನ್ನಡಿಯ ಮುಂದೆ ಅರ್ಧ ನಿಮಿಷ. ನನ್ನ ತಪ್ಪು ಅಲ್ಲಿಂದಲೇ ಶುರು. ಹೊರುವ ಬೆನ್ನನ್ನು ಬಿಟ್ಟು, ಹೊರಿಸಿಕೊಳ್ಳುವ ಸಾಮಾನಿಗೆ ಮಾತ್ರ ಅಳತೆ ಹಿಡಿದು ಚೀಲ ಕೊಂಡೆ.

ಒಂದು ಶನಿವಾರ ನಸುಕಿನ ಬಸ್ಸಿನಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಟೆವು. ನವೆಂಬರಿನ ಎರಡನೇ ವಾರ. ಈಗ ಕುಮಾರಪರ್ವತ ಹತ್ತಬೇಕಾದರೆ ಆನ್‌ಲೈನ್‌ನಲ್ಲಿ ಮೊದಲೇ ಕಾದಿರಿಸಬೇಕು; ಆಗ ದಾರಿಯ ಚೆಕ್‌ಪೋಸ್ಟಿನಲ್ಲಿ ಹಣ ಕಟ್ಟಿ ಹೋಗಬಹುದಿತ್ತು. ಕುಕ್ಕೆಯಿಂದ ತುದಿಗೆ ಸುಮಾರು ಹದಿಮೂರು ಕಿಲೋಮೀಟರ್. ತುದಿಯ ಎತ್ತರ ಸಮುದ್ರಮಟ್ಟದಿಂದ 1,712 ಮೀಟರ್. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಅಂದರೆ ಒಂದೂವರೆ ಸಾವಿರ ಮೀಟರಿಗಿಂತಲೂ ಹೆಚ್ಚು ಏರಬೇಕು. ನಮ್ಮ ಕಡೆಯ ಬೆಟ್ಟಗಳಲ್ಲಿ ಇಷ್ಟು ನಿಷ್ಠುರವಾದ ಏರು ಕಡಿಮೆ.

ಚೀಲದಲ್ಲಿ ಏನಿತ್ತು ಎಂದು ಹೇಳುತ್ತೇನೆ, ಲೆಕ್ಕ ಮುಂದೆ ಬೇಕಾಗುತ್ತದೆ. ಬ್ಯಾಟರಿ ಸೇರಿ ಕ್ಯಾಮೆರಾ 765 ಗ್ರಾಂ. ಭಾವನ ಲೆನ್ಸು 2,300 ಗ್ರಾಂ. ನನ್ನ ಹಳೆಯ 18-140 ಲೆನ್ಸು 490 ಗ್ರಾಂ. ಟ್ರೈಪಾಡು ಒಂದೂವರೆ ಕಿಲೋ. ಚೀಲದ್ದೇ ತೂಕ, ಬ್ಯಾಟರಿ, ಟಾರ್ಚು, ಚಿಲ್ಲರೆ ಎಲ್ಲ ಸೇರಿದರೆ ಏಳು ಕಿಲೋದಷ್ಟು ಬೆನ್ನಿನ ಮೇಲೆ. ಕ್ಯಾಮೆರಾಕ್ಕೆಂದೇ ಹೊಲಿದ ಚೀಲದಲ್ಲಿ ಅನ್ನಕ್ಕೆ, ನೀರಿಗೆ, ಬಟ್ಟೆಗೆ ಜಾಗ ಎಲ್ಲಿ? ಮೂರು ಲೀಟರ್ ನೀರು, ಚಪಾತಿ ಕಟ್ಟು, ಸ್ವೆಟರು, ರೈನ್‌ಕೋಟು ಇನ್ನೊಂದು ಬಟ್ಟೆ ಚೀಲದಲ್ಲಿ, ಅದು ಕೈಯಲ್ಲಿ. ಒಟ್ಟು ಹನ್ನೊಂದೂವರೆ ಕಿಲೋ ಇದ್ದೀತು.

ಮೊದಲ ಒಂದು ಗಂಟೆ ಏನೂ ಅನ್ನಿಸಲಿಲ್ಲ. ಕಾಡಿನ ನೆರಳು, ಬೇರುಗಳೇ ಮೆಟ್ಟಿಲಾದ ದಾರಿ. ಎಲ್ಲೋ ಕೆಳಗೆ ತೊರೆಯ ಬದಿಯಲ್ಲಿ ಮಲಬಾರ್ ಶಿಳ್ಳೆ ಹಕ್ಕಿ, ಹಾಡು ಅರ್ಧ ಮರೆತ ಹುಡುಗನ ಹಾಗೆ ಸಿಳ್ಳೆ ಹಾಕುತ್ತಿತ್ತು. ಎರಡನೇ ಗಂಟೆಗೆ ಹೆಗಲಿನ ಪಟ್ಟಿ ಕೊರೆಯತೊಡಗಿತು. ಮೂರನೇ ಗಂಟೆಗೆ ಬಲಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದವು. ಭಾರ ಹಿಂದಕ್ಕೆ ಎಳೆಯುತ್ತದೆಂದು ನಾನು ಮುಂದಕ್ಕೆ ಬಾಗಿದೆ. ಬಾಗಿದಷ್ಟೂ ಉಸಿರು ಕಟ್ಟಿತು. ಸೊಂಟಕ್ಕೊಂದು ಪಟ್ಟಿ ಇತ್ತು ನಿಜ, ಆದರೆ ಒಂದು ಬೆರಳಿನ ಅಗಲದ್ದು, ಮೆತ್ತೆ ಇಲ್ಲದ್ದು. ಅದನ್ನು ಬಿಗಿದರೆ ಹೊಟ್ಟೆಗೆ ಕುತ್ತುತ್ತಿತ್ತೇ ಹೊರತು ಭಾರವನ್ನು ಎತ್ತಿ ಹಿಡಿಯುತ್ತಿರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಬಂದರು. ಅರುವತ್ತು ದಾಟಿದವರು. ತಲೆಗೆ ಅಡಕೆ ಹಾಳೆಯ ಮುಟ್ಟಾಳೆ, ಅದರ ಮೇಲೆ ಸುತ್ತಿದ ಬಟ್ಟೆಯ ಸಿಂಬೆ, ಸಿಂಬೆಯ ಮೇಲೆ ತುಂಬಿದ ಗೋಣಿ. ಬರಿಗಾಲು. ನಮ್ಮನ್ನು ದಾಟಿ, ಮಾತಿಗೂ ನಿಲ್ಲದೆ, ಒಂದೇ ಲಯದಲ್ಲಿ ಏರಿ ಹೋದರು. ನಾನು ಅವರ ಕತ್ತನ್ನೇ ನೋಡುತ್ತಿದ್ದೆ. ಕತ್ತು ನೆಟ್ಟಗಿತ್ತು, ಬೆನ್ನೂ ನೆಟ್ಟಗೆ. ನಮ್ಮ ಧಕ್ಕೆಯಿಂದ ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸರದ್ದೂ ಇದೇ ನಡೆ ಎಂದು ಹೊಳೆಯಿತು. ಬಾಲ್ಯದಿಂದ ಅವರನ್ನು ನೋಡುತ್ತಾ ಬಂದಿದ್ದೇನೆ. ಅವರು ಹೇಗೆ ಹೊರುತ್ತಾರೆಂದು ಒಮ್ಮೆಯೂ ಗಮನಿಸಿರಲಿಲ್ಲ. ಗೋಣಿ ನನ್ನ ಚೀಲಕ್ಕಿಂತ ಎರಡು ಪಟ್ಟು ಭಾರ ಇದ್ದಿರಬೇಕು. ಅವರಿಗೆ ಯಾಕೆ ಉಸಿರು ಕಟ್ಟುವುದಿಲ್ಲ? ಈ ಪ್ರಶ್ನೆ ತಲೆಯಲ್ಲಿ ಕೂತಿತು. ಉತ್ತರ ಸಿಕ್ಕಿದ್ದು ಬಹಳ ತಿಂಗಳ ಮೇಲೆ, ಅತ್ತಾವರದ ನಮ್ಮ ಮನೆಯ ಮಹಡಿಯಲ್ಲೇ.

ದಾರಿಯಲ್ಲೇ ಸಿಗುವ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ. ಕುಮಾರಪರ್ವತ ಹತ್ತಿದವರಿಗೆಲ್ಲ ಆ ಊಟದ ರುಚಿ ಗೊತ್ತು. ನಡೆದು ಬಂದ ಹಸಿವಿಗೆ ಅದಕ್ಕಿಂತ ದೊಡ್ಡ ಉಪಚಾರ ಇಲ್ಲ. ರಾತ್ರಿ ಅಲ್ಲೇ ಕಳೆದು, ಮರುದಿನ ಬೆಳಕು ಹರಿಯುವ ಮುಂಚೆ ಎದ್ದು ಹೊರಟೆವು. ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ಎಷ್ಟಿದೆ ನೋಡಲು ಚೀಲ ಬಿಚ್ಚಿ ತೋರಿಸಬೇಕು. ಕಾಡಿಗೆ ಒಳ್ಳೆಯದಾದ ನಿಯಮ ಅದು. ನನ್ನ ಚೀಲ ತೆರೆಯುತ್ತಿದ್ದದ್ದು ಎದುರು ಕಡೆಯಿಂದ. ತೆರೆಯಬೇಕಾದರೆ ಬೆನ್ನಿಗೆ ತಾಗುವ ಮೈಯನ್ನು ನೆಲಕ್ಕೆ ಹಾಕಿ ಮಲಗಿಸಬೇಕು. ಇಬ್ಬನಿಗೆ ನೆನೆದ ಮಣ್ಣು ಪಟ್ಟಿಗಳಿಗೆಲ್ಲ ಮೆತ್ತಿತು. ಅದನ್ನೇ ಮತ್ತೆ ಹೆಗಲಿಗೇರಿಸಿದೆ. ಅಟ್ಟದ ಚೀಲದಲ್ಲಿ ಉಳಿದಿರುವ ಕಲೆ ಅದೇ.

ಕಲ್ಲುಮಂಟಪ ದಾಟಿ ಶೇಷಪರ್ವತದ ಏರಿಗೆ ಬಂದಾಗ ಬಿಸಿಲು ಬಂತು. ಎರಡೂ ಬದಿಗೆ ಹುಲ್ಲುಗಾವಲು, ಮಡಿಕೆ ಮಡಿಕೆಯಲ್ಲಿ ಕಪ್ಪಗೆ ಕೂತ ಶೋಲಾ ಕಾಡು. ಆಗ ಬಂತು ಅದು. ಕಪ್ಪು ಹದ್ದು. ರೆಕ್ಕೆ ಬಡಿಯದೆ, ಮರಗಳ ನೆತ್ತಿಗೆ ತಾಗುವಷ್ಟು ಕೆಳಗೆ, ಒಂದೊಂದು ಕೊಂಬೆಯನ್ನೂ ಓದುವ ಹಾಗೆ ನಿಧಾನವಾಗಿ ತೇಲುತ್ತ. ಬೇರೆ ಹಕ್ಕಿಗಳ ಗೂಡು ಹುಡುಕುವಾಗ ಅದು ಹಾಗೆ ಹಾರುತ್ತದೆ. ನಮಗಿಂತ ಕೆಳಗೆ, ಬೆನ್ನು ನಮಗೆ ಕಾಣುವ ಹಾಗೆ, ಹಳದಿ ಕಾಲು ಸಹಿತ. ಅಂಥ ನೋಟ ಬೆಟ್ಟದ ಮೇಲೆ ನಿಂತವನಿಗೆ ಮಾತ್ರ ಸಿಗುವುದು. ನಾನು ಕೈಚೀಲ ಕೆಳಗಿಟ್ಟು, ಎದೆಯ ಕೊಕ್ಕೆ ಬಿಚ್ಚಿ, ಬೆನ್ನಿನದ್ದನ್ನು ಇಳಿಸಿ, ಮಲಗಿಸಿ, ಜಿಪ್ಪು ಎಳೆದು, ಲೆನ್ಸು ತೆಗೆದು, ಕ್ಯಾಮೆರಾಕ್ಕೆ ಜೋಡಿಸುವಷ್ಟರಲ್ಲಿ ಹದ್ದು ಬೆಟ್ಟದ ತಿರುವು ದಾಟಿತ್ತು. ಗೆಳೆಯನೊಬ್ಬ ಮೊಬೈಲಿನಲ್ಲಿ ತೆಗೆದದ್ದರಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅಷ್ಟೇ.

ತುದಿ ಮುಟ್ಟಿ ಇಳಿಯಲು ಹೊರಟಾಗ ಮಧ್ಯಾಹ್ನ. ಪಡುವಣದಿಂದ ಮೋಡ ಏರಿ ಬರುತ್ತಿತ್ತು. ಹಿಂಗಾರಿನ ಮಳೆ ಗುಡುಗಿನ ಸಮೇತ ಶೇಷಪರ್ವತದ ಇಳಿಜಾರಿನಲ್ಲೇ ನಮ್ಮನ್ನು ಹಿಡಿಯಿತು. ಒದ್ದೆಯಾದ ಬಂಡೆ, ಅದರ ಮೇಲೆ ತೆಳ್ಳಗೆ ಹರಿಯುವ ನೀರು. ಟ್ರೈಪಾಡನ್ನು ಚೀಲದ ಎಡಬದಿಗೆ ಕಟ್ಟಿದ್ದೆ. ಆ ಚೀಲದಲ್ಲಿ ಕಟ್ಟಲು ಬೇರೆ ಜಾಗ ಇರಲಿಲ್ಲ. ಬಲಗೈಯಲ್ಲಿ ಬಟ್ಟೆ ಚೀಲ. ಒಂದು ಹೆಜ್ಜೆ ಕೆಳಗಿಡುವಾಗ ಬೆನ್ನಿನ ಚೀಲ ಎಡಕ್ಕೆ ವಾಲಿತು. ಕಾಲು ನಿಂತಲ್ಲೇ ಇತ್ತು, ಮೈ ಚೀಲದ ಹಿಂದೆ ಹೋಯಿತು. ಹಿಡಿಯಲು ಬಲಗೈ ಖಾಲಿ ಇರಲಿಲ್ಲ. ಹತ್ತು ಹನ್ನೆರಡು ಅಡಿ ಜಾರಿ ಹುಲ್ಲಿನ ಬುಡಕ್ಕೆ ಬಡಿದು ನಿಂತೆ.

ಮೊಣಕಾಲು ತರಚಿಹೋಗಿತ್ತು, ಮಣಿಕಟ್ಟು ಉಳುಕಿತ್ತು. ಆದರೆ ನನ್ನ ಕಣ್ಣು ಹೋದದ್ದು ಬೇರೆಡೆಗೆ. ಚೀಲದ ಜಿಪ್ಪು ಒತ್ತಡಕ್ಕೆ ಬಿರಿದು, ಭಾವನ ಲೆನ್ಸು ಹೊರಗುರುಳಿ, ನನಗಿಂತ ಒಂದು ಮಾರು ಕೆಳಗೆ ಹುಲ್ಲಿನಲ್ಲಿ ಮಳೆಗೆ ಮುಖ ಮಾಡಿ ಬಿದ್ದಿತ್ತು. ಆ ಹುಲ್ಲಿನ ಆಚೆ ಏನೂ ಇರಲಿಲ್ಲ, ಬರೀ ಮಂಜು. ಗೆಳೆಯ ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿ ಅದನ್ನು ಎತ್ತಿ ತಂದ. ಇನ್ನೊಬ್ಬ ತನ್ನ ಬೈರಾಸು ಬಿಚ್ಚಿ, ಬಾಯಿಬಿಟ್ಟ ಚೀಲಕ್ಕೆ ಸುತ್ತು ಹಾಕಿ ಗಂಟು ಬಿಗಿದ. ಮಂಗಳೂರಿನವರ ಹೆಗಲ ಮೇಲಿನ ಬೈರಾಸು ಎಷ್ಟು ಕೆಲಸಕ್ಕೆ ಬರುತ್ತದೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ.

ಕತ್ತಲಾಗುವಾಗ ಗಿರಿಗದ್ದೆ ಸೇರಿದೆವು. ಮಳೆಯಲ್ಲಿ ಮುಂದೆ ಇಳಿಯುವ ಹಾಗಿರಲಿಲ್ಲ. ಒಲೆಯ ಹತ್ತಿರ ಜಾಗ ಕೊಟ್ಟರು. ಬಟ್ಟೆಯಿಂದ ಹಬೆ ಏಳುತ್ತಿತ್ತು, ಕಾಲಿನಿಂದ ಇಂಬಳಗಳನ್ನು ಕೀಳುತ್ತ ಕೂತಿದ್ದೆವು. ಯಾರೂ ಹೆಚ್ಚು ಮಾತಾಡಲಿಲ್ಲ. ನಾನು ಲೆನ್ಸನ್ನು ಮಡಿಲಲ್ಲಿಟ್ಟು ಒಣ ಬನಿಯನಿನಿಂದ ಒರೆಸುತ್ತಲೇ ಇದ್ದೆ. ಗಾಜು ಒಡೆದಿರಲಿಲ್ಲ, ಫೋಕಸ್ ಆಗುತ್ತಿತ್ತು. ಉಳಿಯಿತು ಎಂದುಕೊಂಡೆ.

ಉಳಿಯಲಿಲ್ಲ. ಅದಕ್ಕೆ ಕಾರಣ ಬೀಳುವಿಕೆಯಲ್ಲ, ಆಮೇಲೆ ನಾನು ಮಾಡಿದ ಎರಡನೇ ತಪ್ಪು.

ಮನೆಗೆ ಬಂದವನು ಚೀಲವನ್ನು ಬಚ್ಚಲ ಒಲೆಯ ಪಕ್ಕ ಎರಡು ದಿನ ಇಟ್ಟೆ. ಅಮ್ಮ ಹಲಸಿನ ಹಪ್ಪಳ ತಿರುಗಿಸಿದ ಹಾಗೆ ಅದನ್ನು ಆಚೀಚೆ ತಿರುಗಿಸಿ ಒಣಗಿಸಿದರು. ಮೇಲಿನ ಬಟ್ಟೆ ಒಣಗಿತು. ಜಿಪ್ಪನ್ನು ಪಿನ್ನು ಹಾಕಿ ಮುಚ್ಚಿ, ಲೆನ್ಸನ್ನು ಅದರ ಗೂಡಿನಲ್ಲೇ ಇಟ್ಟು, ಕಪಾಟಿನೊಳಗೆ ಸೇರಿಸಿದೆ. ಮಣಿಕಟ್ಟು ಸರಿಯಾಗಲು ಎರಡು ತಿಂಗಳು ಬೇಕಾಯಿತು. ಆಮೇಲೆ ಕೆಲಸ, ಮದುವೆಗಳು, ಸೆಕೆ. ಹಾಗೆಯೇ ಮಳೆಗಾಲ ಬಂತು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಸುಮಾರಿಗೆ ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಗ ನಮ್ಮ ಅತ್ತಾವರದ ಮನೆಗಳಲ್ಲಿ ಚಪ್ಪಲಿಗೆ, ಬೆಲ್ಟಿಗೆ, ದೇವರ ಪಟದ ಚೌಕಟ್ಟಿಗೆಲ್ಲ ಬೂಸ್ಟು ಹಿಡಿಯುತ್ತದೆ. 2016ರ ಜುಲೈಯಲ್ಲಿ, ಭಾವ ಬರಲು ಒಂದು ತಿಂಗಳಿದೆ ಎನ್ನುವಾಗ, ಚೀಲ ತೆರೆದೆ. ಲೆನ್ಸನ್ನು ದೀಪಕ್ಕೆ ಹಿಡಿದರೆ ಗಾಜಿನ ಒಳಗೆ ಜೇಡನ ಬಲೆಯಂಥ ಎಳೆಗಳು. ಫಂಗಸ್.

ಈಗ ಗೊತ್ತಿರುವುದು ಇಷ್ಟು. ಕ್ಯಾಮೆರಾ ಚೀಲದ ಫೋಮು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಕುಳಿತಿರುತ್ತದೆ. ಕತ್ತಲೆ, ತೇವ, ಗಾಳಿ ಇಲ್ಲದ ಜಾಗ: ಬೂಸ್ಟಿಗೆ ಇನ್ನೇನು ಬೇಕು? ಚೀಲ ಇರುವುದು ದಾರಿಗೆ ಮಾತ್ರ. ಮನೆಗೆ ಬಂದ ದಿನವೇ ಲೆನ್ಸು, ಕ್ಯಾಮೆರಾ ಹೊರಗೆ ಬರಬೇಕು. ಗಾಳಿಯಾಡದ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಪುಟ್ಟ ಮಾಪಕ ಇದ್ದರೆ ಸಾಕು. ಮಾಪಕ ನೂರಕ್ಕೆ ನಲವತ್ತರಿಂದ ಐವತ್ತರ ನಡುವೆ ನಿಲ್ಲಬೇಕು. ನೀಲಿ ಹರಳುಗಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ, ಅಡುಗೆಗೆ ಬಳಸದ ಪಾತ್ರೆಯಲ್ಲಿಟ್ಟು ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತವೆ. ಕರಾವಳಿಯಲ್ಲಿ ಕ್ಯಾಮೆರಾ ಇಟ್ಟುಕೊಂಡವರೆಲ್ಲ ಕ್ಯಾಮೆರಾಕ್ಕಿಂತ ಮೊದಲು ಈ ಡಬ್ಬಿ ಕೊಳ್ಳಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಭಾವ ಆಗಸ್ಟಿನಲ್ಲಿ ಬಂದರು. ಚಾ ಕುಡಿದು ಮುಗಿಸುವವರೆಗೆ ತಡೆದು, ಲೆನ್ಸನ್ನು ಅವರ ಮುಂದಿಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುಚ್ಚಳ ಹಾಕಿದರು. "ಮೊಣಕಾಲು ಹೇಗುಂಟು ಈಗ?" ಎಂದರು. ಆ ಲೆನ್ಸಿನ ಬಗ್ಗೆ ಆ ದಿನ ಬೇರೆ ಮಾತೇ ಆಡಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನು ಕರೆದು, "ಅದನ್ನು ಬೆಂಗಳೂರಿಗೆ ಕಳಿಸಿ ತೊಳೆಸುವಾ. ಆದರೆ ನೀನು ಇನ್ನೊಮ್ಮೆ ಬೆಟ್ಟಕ್ಕೆ ಹೋಗುವ ಮೊದಲು ಒಂದು ಸರಿಯಾದ ಚೀಲ ಹುಡುಕು. ಹಣ ನಾನು ಕೊಡ್ತೇನೆ. ನಿನ್ನ ಅಕ್ಕನಿಗೆ ನಾನು ಉತ್ತರ ಹೇಳ್ಬೇಕಲ್ಲ" ಎಂದರು. ಲೆನ್ಸು ತೊಳೆಸಿ ಬಂತು. ಒಂದು ಗಾಜಿನ ಲೇಪವನ್ನು ಬೂಸ್ಟು ತಿಂದಿತ್ತು. ಇಂದಿಗೂ ಸೂರ್ಯನಿಗೆ ಎದುರಾಗಿ ತೆಗೆದ ಚಿತ್ರದಲ್ಲಿ ಒಂದು ತೆಳು ಮಬ್ಬು ಕಾಣುತ್ತದೆ.

ಸರಿಯಾದ ಚೀಲ ಎಂದರೆ ಯಾವುದು? ಅದನ್ನು ಹೇಳಿಕೊಟ್ಟದ್ದು ಅಂಗಡಿಯವರಲ್ಲ. ಅತ್ತಾವರದಲ್ಲಿ ಆಸ್ಪತ್ರೆ ಇರುವುದರಿಂದ ಇಲ್ಲಿನ ಬಹಳ ಮನೆಗಳ ಮಹಡಿಯಲ್ಲಿ ವೈದ್ಯಕೀಯ ಓದುವ ಮಕ್ಕಳು ಬಾಡಿಗೆಗಿರುತ್ತಾರೆ. ನಮ್ಮ ಮಹಡಿಯಲ್ಲಿ ಆಗ ಫಿಸಿಯೋಥೆರಪಿ ಓದುವ ಒಬ್ಬ ಹುಡುಗನಿದ್ದ. ಮಣಿಕಟ್ಟಿನ ವ್ಯಾಯಾಮ ಕಲಿಸಿದವನೂ ಅವನೇ. ಮುಟ್ಟಾಳೆಯ ಅಜ್ಜನ ವಿಷಯ ಅವನಿಗೆ ಹೇಳಿದೆ. ಅವನು, "ಅವರ ಭಾರ ಮೂಳೆಯ ಮೇಲೆ ಕೂತಿತ್ತು, ನಿಮ್ಮದು ಮಾಂಸದ ಮೇಲೆ" ಎಂದ. ತಲೆಯಿಂದ ಬೆನ್ನುಮೂಳೆಗೆ, ಅಲ್ಲಿಂದ ಸೊಂಟಕ್ಕೆ, ಸೊಂಟದಿಂದ ಕಾಲಿಗೆ, ಕಂಬದ ಮೇಲೆ ಕಂಬ ಇಟ್ಟ ಹಾಗೆ ಭಾರ ನೇರ ಇಳಿದರೆ ಮೈ ಸೋಲುವುದು ನಿಧಾನ. ಹೆಗಲಿನ ಸ್ನಾಯುವಿಗೆ ನೇತು ಹಾಕಿದರೆ ಅದು ಹಗಲಿಡೀ ಎಳೆದು ಹಿಡಿದಿರಬೇಕು. ಪಟ್ಟಿ ಒತ್ತುವ ಜಾಗದಲ್ಲಿ ಕೈಗೆ ಹೋಗುವ ನರಗಳಿವೆ, ಬೆರಳು ಜೋಮು ಹಿಡಿದದ್ದು ಅದಕ್ಕೇ.

ಬೆನ್ನಿಗೆ ಹಾಕುವ ಚೀಲದಲ್ಲಿ ಆ ಕೆಲಸ ಮಾಡಬೇಕಾದದ್ದು ಸೊಂಟದ ಪಟ್ಟಿ. ಅಗಲವಾದ, ಮೆತ್ತೆಯಿರುವ ಪಟ್ಟಿ, ಎರಡೂ ಕಡೆಯ ಸೊಂಟದ ಮೂಳೆಯ ಅಂಚನ್ನು ಅಪ್ಪಿ ಹಿಡಿದರೆ ಭಾರದ ಸುಮಾರು ಮುಕ್ಕಾಲು ಪಾಲನ್ನು ಅದೇ ತೆಗೆದುಕೊಳ್ಳುತ್ತದೆ. ಹೆಗಲಿನ ಪಟ್ಟಿಯ ಕೆಲಸ ಚೀಲ ಹಿಂದಕ್ಕೆ ವಾಲದಂತೆ ತಡೆಯುವುದು ಮಾತ್ರ. ಇದಾಗಬೇಕಾದರೆ ಚೀಲದ ಬೆನ್ನಿನ ಉದ್ದ ನಮ್ಮ ಬೆನ್ನಿನ ಉದ್ದಕ್ಕೆ ಹೊಂದಬೇಕು. ಅವನು ನನ್ನ ತಲೆ ಬಗ್ಗಿಸಿ, ಕತ್ತಿನ ಬುಡದಲ್ಲಿ ಉಬ್ಬಿ ನಿಲ್ಲುವ ಏಳನೇ ಮೂಳೆಗೆ ಅಮ್ಮನ ಹೊಲಿಗೆಯ ಅಳತೆಪಟ್ಟಿಯ ತುದಿ ಇಟ್ಟ. ಸೊಂಟದ ಮೂಳೆಯ ಮೇಲಂಚಿಗೆ ನಾನು ಎರಡೂ ಹೆಬ್ಬೆರಳು ಊರಿ ನಿಂತೆ. ಹೆಬ್ಬೆರಳುಗಳ ನಡುವಿನ ಗೆರೆಯವರೆಗೆ ಪಟ್ಟಿ ಎಳೆದ: 46 ಸೆಂಟಿಮೀಟರ್. ನನ್ನ ಎತ್ತರ ಐದಡಿ ಹತ್ತಿಂಚು. ಎತ್ತರದ ಮೇಲೆ ದೊಡ್ಡ ಅಳತೆಯ ಚೀಲ ಬೇಕೆಂದು ಎಣಿಸಿದ್ದೆ. ನನ್ನ ಎತ್ತರ ಇದ್ದದ್ದು ಕಾಲಿನಲ್ಲಿ. ಬೆನ್ನಿಗೆ ನಡುವಿನ ಅಳತೆ ಸಾಕಿತ್ತು.

ಅವನು ತೂಕವನ್ನೂ ಕೇಳಿದ. ಹೊರುವ ಭಾರ ಮೈತೂಕದ ಐದನೇ ಒಂದು ಪಾಲನ್ನು ಮೀರಬಾರದು ಎನ್ನುವುದು ನಡಿಗೆಯವರ ಲೆಕ್ಕ. ನಾನು 61 ಕಿಲೋ. ಐದನೇ ಒಂದು ಅಂದರೆ ಹನ್ನೆರಡು ಕಿಲೋ ಚಿಲ್ಲರೆ. ಕುಮಾರಪರ್ವತದಲ್ಲಿ ನಾನು ಹೊತ್ತದ್ದು ಹನ್ನೊಂದೂವರೆ. ಅಂದರೆ ಅಂದು ಭಾರ ಹೆಚ್ಚಾಗಿರಲೇ ಇಲ್ಲ. ಅದು ಕೂತ ಜಾಗ ತಪ್ಪಾಗಿತ್ತು. ಇದನ್ನು ಕೇಳಿದ ಮೇಲೆ ನನಗೆ ಆ ಬಂಡೆಯ ಮೇಲಿನ ಹೆಜ್ಜೆ ಮತ್ತೆ ಕಣ್ಣಿಗೆ ಕಟ್ಟಿತು.

ಮತ್ತೆ ಪೇಟೆಗೆ ಹೋದಾಗ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋದೆ. ಕ್ಯಾಮೆರಾ ಚೀಲಗಳ ಸಾಲಿಗೆ ಹೋಗದೆ ಚಾರಣದ ಚೀಲಗಳ ಕಡೆ ಹೋದೆ. 45 ಲೀಟರಿನದ್ದು, ಒಳಗೆ ಚೌಕಟ್ಟು ಇರುವಂಥದ್ದು, ಸೊಂಟಪಟ್ಟಿ ಅಂಗೈಯಷ್ಟು ಅಗಲದ್ದು. ಬೆನ್ನಿನ ಕಡೆಯಿಂದಲೇ ಜಿಪ್ಪು ತೆರೆಯುವುದು ಸಿಕ್ಕಿತು. ಕೆಸರಿಗೆ ಹೊರಮೈ ಹಾಕಿ ಮಲಗಿಸಬಹುದು, ಹೆಗಲಿಗೇರುವ ಭಾಗ ಒಣಗಿಯೇ ಇರುತ್ತದೆ. ನಮ್ಮ ಘಟ್ಟಕ್ಕೆ ಇದು ದೊಡ್ಡ ಅನುಕೂಲ. ಅಂಗಡಿಯವರನ್ನು ಕೇಳಿಕೊಂಡೆ, ಒಗ್ಗದಿದ್ದರೆ ವಾರದೊಳಗೆ ಹಿಂದೆ ಕೊಡಬಹುದಾ ಎಂದು. ಒಪ್ಪಿದರು. ಹೀಗೆ ಕೇಳಲು ನಾಚಿಕೊಳ್ಳಬಾರದು.

ಮನೆಗೆ ತಂದು ಅದಕ್ಕೆ ಹತ್ತು ಕಿಲೋ ಕುಚ್ಚಲಕ್ಕಿ ತುಂಬಿದೆ. ಐದೈದು ಕಿಲೋದ ಎರಡು ಕಟ್ಟು, ಬೆನ್ನಿಗೆ ಒತ್ತಿ, ಹೆಗಲ ಎಲುಬುಗಳ ನಡುವೆ ಬರುವ ಹಾಗೆ. ಭಾರದ್ದು ಬೆನ್ನಿನಿಂದ ದೂರ ಹೋದಷ್ಟೂ ಹಿಂದಕ್ಕೆ ಎಳೆಯುತ್ತದೆ. ಬೆಳಿಗ್ಗೆ ಆರಕ್ಕೆ ಸೆಂಟ್ರಲ್ ರೈಲ್ವೆ ನಿಲ್ದಾಣದ ಕಡೆಯಿಂದ ಅತ್ತಾವರ ಕಟ್ಟೆಗೆ ಏರಿ, ನಂದಿಗುಡ್ಡೆಗೆ ಹೋಗಿ, ಬಾಬುಗುಡ್ಡೆ ಸುತ್ತಿ ಮನೆಗೆ. ಆರು ದಿನ. ಅತ್ತಾವರ ಏರಿಳಿತದ ಊರು, ಬೆನ್ನು ಪರೀಕ್ಷೆ ಮಾಡಲು ಬೇರೆ ಬೆಟ್ಟ ಬೇಡ. ಹಾಲು ತರಲು ಹೊರಟ ನೆರೆಯವರು, "ಎಲ್ಲಿಗೆ ಮಾರಾಯ್ರೆ, ಸಂಸಾರ ಕಟ್ಟಿಕೊಂಡು?" ಎಂದು ಕೇಳುತ್ತಿದ್ದರು. ಮೊದಲ ದಿನ ಸೊಂಟದ ಎಲುಬಿನ ಮೇಲೆ ಕೆಂಪಾಯಿತು. ಪಟ್ಟಿಯನ್ನು ಎರಡು ಬೆರಳು ಮೇಲಕ್ಕೆ ಕಟ್ಟಿದೆ, ಸರಿಹೋಯಿತು. ಮೂರನೇ ದಿನ ಹೆಗಲ ಪಟ್ಟಿಯ ಕೆಳಗೆ ಅಂಗೈ ತೂರಿಸಿ ನೋಡಿದೆ. ಸುಲಭವಾಗಿ ಹೋಯಿತು. ಹನ್ನೊಂದು ತಿಂಗಳ ಹಿಂದೆ ಅದೇ ಹೆಗಲಿನ ಚರ್ಮ ಸುಲಿದಿತ್ತು. ಬೆರಳು ಜೋಮು ಹಿಡಿಯಲಿಲ್ಲ. ಚೀಲ ಇಟ್ಟುಕೊಂಡೆ.

ಕ್ಯಾಮೆರಾಕ್ಕೆ ಗೂಡು ಬೇಕಲ್ಲ? ಹಳೆಯ ಚೀಲದ ಒಳಗಿನ ಬೂದು ಫೋಮಿನ ಗೋಡೆಗಳನ್ನೆಲ್ಲ ಕಿತ್ತು, ಒಂದು ವಾರ ಬಿಸಿಲಿಗೆ ಹಾಕಿ ಒಣಗಿಸಿ, ಹಂಪನಕಟ್ಟೆಯ ಬಳಿ ಚೀಲ ಹೊಲಿಯುವವರ ಹತ್ತಿರ ಒಯ್ದೆ. ಅವರು ಅದನ್ನೇ ಸೇರಿಸಿ, ಹೊಸ ಚೀಲದೊಳಗೆ ಕೂರುವ ಅಳತೆಗೆ ಒಂದು ಪೆಟ್ಟಿಗೆ ಹೊಲಿದು ಕೊಟ್ಟರು. ಅದು ಒಳಗೆ ಬೆನ್ನಿಗೆ ಒತ್ತಿ ಕೂರುತ್ತದೆ. ಅದರ ಮೇಲೆ ಸ್ವೆಟರು, ಬುತ್ತಿ, ರೈನ್‌ಕೋಟು. ನೀರು ಎಡಬದಿಗೆ, ಟ್ರೈಪಾಡು ಬಲಬದಿಗೆ, ತೂಕ ಸಮ ಮಾಡಿ. ಎರಡೂ ಕೈ ಖಾಲಿ.

ಮಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಚೀಲದ ಜೊತೆ ಬರುವ ಮಳೆಯ ಮುಸುಕನ್ನು ಎಲ್ಲರೂ ನಂಬುತ್ತಾರೆ. ಘಟ್ಟದ ಮಳೆ ಮೇಲಿನಿಂದ ಮಾತ್ರ ಬರುವುದಿಲ್ಲ, ಗಾಳಿಯ ಜೊತೆ ಅಡ್ಡಕ್ಕೆ ಬರುತ್ತದೆ, ನಮ್ಮ ಕತ್ತಿನಿಂದ ಇಳಿದು ಬೆನ್ನಿಗೂ ಚೀಲಕ್ಕೂ ನಡುವೆ ಹರಿಯುತ್ತದೆ. ಮುಸುಕು ಆ ಬದಿಯನ್ನು ಮುಚ್ಚುವುದೇ ಇಲ್ಲ. ಆದ್ದರಿಂದ ನೀರನ್ನು ಒಳಗೇ ತಡೆಯಬೇಕು. ಬಾಯಿ ಸುತ್ತಿ ಮಡಚುವ ದಪ್ಪ ರಬ್ಬರ್ ಚೀಲದೊಳಗೆ ಲೆನ್ಸು, ಆ ಚೀಲ ಪೆಟ್ಟಿಗೆಯೊಳಗೆ. ಆಗ ಹೊರಗಿನದ್ದು ಪೂರ್ತಿ ನೆನೆದರೂ ಹೆದರಿಕೆ ಇಲ್ಲ. ಜಿಪ್ಪು ಹೋದರೂ ಲೆನ್ಸು ಉರುಳಿ ಹೊರಬರುವುದಿಲ್ಲ.

2017ರ ಜನವರಿಯಲ್ಲಿ ಅದೇ ಮೂವರು ಕುದುರೆಮುಖಕ್ಕೆ ಹೋದೆವು. ಅರಣ್ಯ ಇಲಾಖೆಯ ಅನುಮತಿ ಪಡೆದು, ಬೆಳಿಗ್ಗೆ ಮುಳ್ಳೋಡಿಯಿಂದ ಹೊರಟು ಸಂಜೆಯೊಳಗೆ ಹಿಂತಿರುಗಬೇಕು. ಹೋಗಿಬರಲು ಇಪ್ಪತ್ತು ಕಿಲೋಮೀಟರಿನಷ್ಟು. 1,894 ಮೀಟರಿನ ತುದಿ. ಚೀಲ ಬೆನ್ನಿಗಿದ್ದದ್ದು ಎಷ್ಟೋ ಹೊತ್ತು ಮರೆತೇ ಹೋಗಿತ್ತು. ಈ ಸಲ ಕ್ಯಾಮೆರಾವನ್ನು ಲೆನ್ಸು ಸಮೇತ ಪೆಟ್ಟಿಗೆಯಲ್ಲಿಡಲಿಲ್ಲ. ಬಿಸಿಲಿರುವಾಗ ಅದು ಎದೆಯ ಮುಂದೆ, ಹೆಗಲ ಪಟ್ಟಿಗೆ ಸಿಕ್ಕಿಸಿದ ಕೊಕ್ಕೆಯಲ್ಲಿ. ಒಂಟಿಮರ ದಾಟಿ ಹುಲ್ಲುಗಾವಲಿಗೆ ಬಂದಾಗ ಕಪ್ಪು ಹದ್ದು ಕಣಿವೆಯಿಂದ ಮೇಲೆದ್ದು ನಮ್ಮ ಕಣ್ಣಿನ ಮಟ್ಟಕ್ಕೆ ಬಂತು. ಹನ್ನೊಂದು ಚಿತ್ರ ಸಿಕ್ಕಿದವು. ಬೆಳಕು ಎದುರಿಗಿತ್ತು, ಹನ್ನೊಂದರಲ್ಲೂ ಆ ಮಬ್ಬು ಇದೆ. ಭಾವನಿಗೆ ಅವತ್ತೇ ಕಳಿಸಿದೆ. ದುಬೈಯ ಅವರ ಕೋಣೆಯ ಗೋಡೆಯಲ್ಲಿ ಅದರಲ್ಲೊಂದು ಈಗಲೂ ಇದೆ.

ಯಾವ ಕಂಪೆನಿಯ ಚೀಲ ಎಂದು ಹುಡುಗರು ಕೊನೆಗೆ ಕೇಳಿಯೇ ಕೇಳುತ್ತಾರೆ. ನಾನು ಹೆಸರು ಹೇಳುವುದಿಲ್ಲ. ನನ್ನ ಬೆನ್ನಿಗೆ ಒಗ್ಗಿದ್ದು ಅವರ ಬೆನ್ನಿಗೆ ಒಗ್ಗಬೇಕೆಂದಿಲ್ಲ. ಈ ಸಲ ಬೆಟ್ಟಕ್ಕೆ ಹೊರಡುವವರು ಅಂಗಡಿಗೆ ಹೋಗುವ ಮುಂಚೆ ನಮ್ಮ ಮನೆಗೆ ಬನ್ನಿ. ಅಮ್ಮನ ಅಳತೆಪಟ್ಟಿ ಉಂಟು, ಕುಚ್ಚಲಕ್ಕಿ ಉಂಟು. ಬೆನ್ನು ಅಳೆದುಕೊಂಡು, ಅಕ್ಕಿ ತುಂಬಿ, ಒಮ್ಮೆ ನಂದಿಗುಡ್ಡೆಯವರೆಗೆ ನಡೆದು ಬನ್ನಿ. ಚೀಲ ಕೊಳ್ಳುವ ಮಾತು ಆಮೇಲೆ ಆಡುವಾ.